ಮೂಲ ಯಾವುದು, ನಕಲು ಯಾವುದು? ಪೋಕೆಮಾನ್ ಆಟ ಮತ್ತು ಅದರ ಅನಿಮೆ, 1996–1998

ಗುರುಗಳಿಗೆ, ಕಾಸರಗೋಡಿನಿಂದ ಹಿಡಿದು ಆದೋನಿ, ಹೊಸೂರಿನ ತನಕ ಬೇರೆ ಬೇರೆ ಊರುಗಳಲ್ಲಿ ಪರದೆಯ ಮುಂದೆ ಕೂತಿರುವ ಗೆಳೆಯರಿಗೆ ಶರಣು. ಧ್ವನಿ ಸರಿಯಾಗಿ ಕೇಳ್ತಿದೆ ಅಂದುಕೊಂಡು ಶುರು ಮಾಡ್ತೀನಿ. ಈ ಮಾಲಿಕೆಯಲ್ಲಿ ಇಲ್ಲಿಯವರೆಗೆ ಶಾಸನ, ಶಾಲೆ, ಗಡಿ ತಕರಾರುಗಳ ಬಗ್ಗೆ ಪ್ರಬಂಧಗಳು ಬಂದಿವೆ. ನಾನು ಜಪಾನಿನ ಒಂದು ವಿಡಿಯೋ ಗೇಮ್ ಮತ್ತು ಅದರಿಂದ ಹುಟ್ಟಿದ ಕಾರ್ಟೂನಿನ ಬಗ್ಗೆ ಮಾತಾಡ್ತೀನಿ. ವಿಷಯ ಹಗುರ ಅನ್ನಿಸಬಹುದು. ಆದರೆ ಅದರೊಳಗಿನ ಪ್ರಶ್ನೆ ನಮಗೆಲ್ಲ ಪರಿಚಯದ್ದೇ.

ನಾನು ಅಕ್ಕಲಕೋಟ ತಾಲೂಕಿನವನು. ಮನೆಯೊಳಗೆ ಕನ್ನಡ, ಶಾಲೆಯೊಳಗೆ ಮರಾಠಿ, ಟಿವಿಯೊಳಗೆ ಹಿಂದಿ. ಕಾರ್ಟೂನ್ ನೆಟ್‌ವರ್ಕಿನ ಆ ಹಿಂದಿಯಲ್ಲೇ ನಾನು ಪೋಕೆಮಾನ್ ನೋಡಿದ್ದು. ಗೇಮ್ ಬಾಯ್ ಯಂತ್ರವನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಮುಂದೆ ಹಾಸ್ಟೆಲಿನಲ್ಲಿ ಆಟ ಆಡಿ ಬೆಳೆದ ಒಬ್ಬ ಗೆಳೆಯ, "ನೀ ನೋಡಿದ್ದು ನಕಲು, ಅಸಲಿ ಆಟದಾಗ ಹಂಗೇನೂ ಇಲ್ಲ" ಅಂದ. ಆ ಮಾತು ಸ್ವಲ್ಪ ಚುಚ್ಚಿತು. ಯಾಕಂದ್ರೆ ನಮ್ಮ ಕಡೆಯ ಕನ್ನಡಕ್ಕೂ ಜನ ಇದೇ ಮಾತು ಅಂತಾರೆ: ಮರಾಠಿ ಬೆರೆತದ್ದು, ಅಸಲಿ ಅಲ್ಲ ಅಂತ. ಹಾಗಾಗಿ ಅವನ ಮಾತು ಎಷ್ಟು ನಿಜ ಅಂತ ಹುಡುಕಲಿಕ್ಕೆ ಹೋದೆ. ಅರ್ಧ ನಿಜ ಅಂತ ಗೊತ್ತಾಯಿತು. ಉಳಿದ ಅರ್ಧವೇ ಈ ಪ್ರಬಂಧ.

1. ಆಟದಲ್ಲಿ ಏನಿತ್ತು

ಪೋಕೆಮಾನಿನ ಮೊದಲ ಎರಡು ಆಟಗಳು, ರೆಡ್ ಮತ್ತು ಗ್ರೀನ್, ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರಕ್ಕೆ ಬಂದವು. ತಯಾರಿಸಿದ್ದು ಗೇಮ್ ಫ್ರೀಕ್ ಎಂಬ ಸಣ್ಣ ಸಂಸ್ಥೆ; ಕಲ್ಪನೆ ಸತೋಶಿ ತಜಿರಿ ಅವರದು. ಟೋಕಿಯೊದ ಅಂಚಿನ ಮಾಚಿದಾದಲ್ಲಿ ಬೆಳೆದ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಡುಗ. ಊರು ಬೆಳೆದಂತೆ ಹೊಲ, ಕೆರೆಗಳು ಕಟ್ಟಡಗಳಾದವು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ತಂತಿಯನ್ನು ಕಂಡಾಗ, ಅದರೊಳಗೆ ಒಂದು ಹುಳ ಈ ಕಡೆಯಿಂದ ಆ ಕಡೆಗೆ ಹರಿದು ಹೋದ ಹಾಗೆ ತಮಗೆ ಕಾಣಿಸಿತು ಅಂತ ಅವರು ಹೇಳಿಕೊಂಡಿದ್ದಾರೆ.

ಈ ತಂತಿಯೇ ಆಟದ ಜೀವ. ರೆಡ್‌ನಲ್ಲಿ ಸಿಗುವ ಕೆಲವು ಪ್ರಾಣಿಗಳು ಗ್ರೀನ್‌ನಲ್ಲಿ ಸಿಗುವುದಿಲ್ಲ, ಗ್ರೀನ್‌ನವು ರೆಡ್‌ನಲ್ಲಿ ಇಲ್ಲ. ಕೆಲವಂತೂ ಇನ್ನೊಬ್ಬರ ಜೊತೆ ಅದಲುಬದಲು ಮಾಡಿದರೆ ಮಾತ್ರ ಮುಂದಿನ ರೂಪಕ್ಕೆ ಬೆಳೆಯುತ್ತವೆ. ಅಂದ್ರೆ ಎಷ್ಟೇ ಜಾಣನಾದರೂ ಒಬ್ಬನೇ ಈ ಆಟವನ್ನು ಪೂರ್ತಿ ಮಾಡಲಾರ. ಇನ್ನೊಂದು ಮಗು ಪಕ್ಕದಲ್ಲಿ ಬಂದು ಕೂರಲೇಬೇಕು.

ಇನ್ನೊಂದು ಸಂಗತಿ: ಆಟದ ನಾಯಕನಿಗೆ ಮಾತಿಲ್ಲ. ಅವನ ಹೆಸರನ್ನು ಆಡುವವರೇ ಇಡುತ್ತಾರೆ. ಮೂರು ಪ್ರಾಣಿಗಳಲ್ಲಿ ಒಂದನ್ನು ಆರಿಸಿಕೊಂಡು ಹೊರಡುತ್ತಾನೆ. ಆ ಮೂರರಲ್ಲಿ ಪಿಕಾಚು ಇಲ್ಲ; ಅದು ಒಂದು ಕಾಡಿನಲ್ಲಿ ಅಪರೂಪಕ್ಕೆ ಎದುರಾಗುವ ಹಲವು ಪ್ರಾಣಿಗಳಲ್ಲಿ ಒಂದು, ಅಷ್ಟೇ.

2. ಅನಿಮೆ ಏನು ಬದಲಿಸಿತು

1997ರ ಏಪ್ರಿಲ್ 1ರಂದು ಟಿವಿ ಟೋಕಿಯೊದಲ್ಲಿ ಅನಿಮೆ ಶುರುವಾಯಿತು. ನಿರ್ದೇಶಕ ಕುನಿಹಿಕೊ ಯುಯಾಮಾ, ಮುಖ್ಯ ಬರಹಗಾರ ತಾಕೇಶಿ ಶುದೊ. ಅವರ ಮುಂದಿದ್ದ ಮೊದಲ ತೊಡಕು: ಮಾತೇ ಆಡದ ಹುಡುಗನನ್ನು ಪ್ರತಿ ವಾರ ಟಿವಿಯಲ್ಲಿ ತೋರಿಸುವುದು ಹೇಗೆ? ಆಟವೇ ಸೂಚಿಸುತ್ತಿದ್ದ ಕೆಲವು ಹೆಸರುಗಳಲ್ಲಿ ಒಂದಾದ ಸತೋಶಿಯನ್ನು ಅವನಿಗಿಟ್ಟರು, ಅದು ತಜಿರಿ ಅವರದೇ ಹೆಸರು. ಎದುರಾಳಿಗೆ ನಿಂಟೆಂಡೊದ ಶಿಗೆರು ಮಿಯಾಮೊತೊ ಅವರ ಹೆಸರು ಬಂತು. ಇಂಗ್ಲಿಷಿನಲ್ಲಿ ಇವರಿಬ್ಬರು ಆ್ಯಶ್ ಮತ್ತು ಗ್ಯಾರಿ ಆದರು. ನಮ್ಮ ಹಿಂದಿಗೆ ಬಂದದ್ದೂ ಆ ಹೆಸರುಗಳೇ.

ಆ್ಯಶ್ ಮೊದಲ ದಿನವೇ ತಡವಾಗಿ ಏಳುತ್ತಾನೆ. ಮೂರೂ ಪ್ರಾಣಿಗಳು ಖರ್ಚಾಗಿರುತ್ತವೆ. ಉಳಿದದ್ದು ಮಾತು ಕೇಳದ, ಚೆಂಡಿನೊಳಗೆ ಹೋಗಲು ಒಪ್ಪದ, ಕರೆಂಟು ಹೊಡೆಯುವ ಪಿಕಾಚು. ಆಟದಲ್ಲಿ ಆಯ್ಕೆ ಇದ್ದ ಜಾಗದಲ್ಲಿ ಅನಿಮೆ ಒಂದು ಫಜೀತಿ ಇಟ್ಟಿತು. ಆಟದಲ್ಲಿ ಹಿಡಿದ ಪ್ರಾಣಿ ಹೇಳಿದಂತೆ ಕೇಳುತ್ತದೆ. ಇಲ್ಲಿ ಹಕ್ಕಿಗಳ ಹಿಂಡು ಮೇಲೆ ಬಿದ್ದಾಗ ಹುಡುಗ ತನ್ನ ಮೈ ಅಡ್ಡ ಕೊಟ್ಟ ಮೇಲೆಯೇ ಅದರ ಸ್ನೇಹ ಸಿಗುತ್ತದೆ.

ಎರಡನೆಯ ಬದಲಾವಣೆ ನಿಯಮದ್ದು. ಆಟದಲ್ಲಿ ವಿದ್ಯುತ್ತಿನ ಏಟು ಮಣ್ಣಿನ ಜಾತಿಯ ಪ್ರಾಣಿಗೆ ಸೊನ್ನೆ, ಅದರಲ್ಲಿ ರಿಯಾಯಿತಿ ಇಲ್ಲ. ಅನಿಮೆಯ ಐದನೆಯ ಕಂತಿನಲ್ಲಿ ಬ್ರಾಕ್‌ನ ಬಂಡೆಹಾವು ಓನಿಕ್ಸ್ ಎದುರು ಪಿಕಾಚು ಸೋಲುವ ಹೊತ್ತಿಗೆ ಕಟ್ಟಡದ ಬೆಂಕಿ ಆರಿಸುವ ನೀರು ಚಿಮ್ಮಿ ಬಂಡೆ ನೆನೆಯುತ್ತದೆ, ಏಟು ತಾಗುತ್ತದೆ. ಆದರೂ ಹುಡುಗ, ಇದು ಅದೃಷ್ಟದ ಗೆಲುವು, ನನ್ನದಲ್ಲ ಅಂತ ಹಿಂದೆ ಸರಿಯುತ್ತಾನೆ. ಬ್ರಾಕ್ ಆಮೇಲೆ ಬಿಲ್ಲೆಯನ್ನು ತಾನಾಗಿಯೇ ಕೊಡುತ್ತಾನೆ. ಆಟದಲ್ಲಿ ಬಿಲ್ಲೆ ಗೆದ್ದವನಿಗೆ, ಅನಿಮೆಯಲ್ಲಿ ಯೋಗ್ಯನಾದವನಿಗೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅದಲುಬದಲು ಆಟದ ಜೀವ ಅಂದೆನಲ್ಲ. ಅನಿಮೆಯ ಒಂದು ಹಡಗಿನ ಕಂತಿನಲ್ಲಿ ಆ್ಯಶ್ ತಾನು ಸಾಕಿದ ಚಿಟ್ಟೆ ಬಟರ್‌ಫ್ರೀಯನ್ನು ಬೇರೊಬ್ಬನಿಗೆ ಕೊಟ್ಟು ಅವನ ಪ್ರಾಣಿ ತಗೊಳ್ತಾನೆ. ಕೊಟ್ಟ ಮೇಲೆ ಮನಸ್ಸು ಕೊರೆಯುತ್ತದೆ, ಕೊನೆಗೆ ವಾಪಸ್ ಪಡೆಯುತ್ತಾನೆ. ಆಟದಲ್ಲಿ ಗೆಳೆತನದ ಗುರುತಾಗಿದ್ದ ಕೆಲಸ ಅನಿಮೆಯಲ್ಲಿ ದ್ರೋಹದ ಹಾಗೆ ಕಾಣುತ್ತದೆ. ಕೆಲವು ಕಂತುಗಳ ನಂತರ ಅದೇ ಚಿಟ್ಟೆಗೆ ಜೋಡಿ ಸಿಕ್ಕಾಗ ಅವನು ಅದನ್ನು ಹಾರಲು ಬಿಟ್ಟುಬಿಡುತ್ತಾನೆ. ಎಲ್ಲವನ್ನೂ ಹಿಡಿಯಬೇಕು ಅನ್ನುವ ಆಟದಿಂದ ಹುಟ್ಟಿದ ಕಥೆಯಲ್ಲಿ, ಬಿಟ್ಟುಕೊಟ್ಟ ಗಳಿಗೆಯೇ ನಮಗೆಲ್ಲ ನೆನಪಿನಲ್ಲಿ ಉಳಿದಿದೆ.

ನಾಲ್ಕನೆಯದು ಸೋಲು. ಆಟ ಆಡುವವರು ಎಂಟು ಬಿಲ್ಲೆ ಗೆದ್ದು, ನಾಲ್ವರು ಘಟಾನುಘಟಿಗಳನ್ನು ದಾಟಿ, ಕೊನೆಗೆ ಎದುರಾಳಿಯನ್ನೇ ಸೋಲಿಸಿ ಚಾಂಪಿಯನ್ ಆಗುತ್ತಾರೆ. ಆ್ಯಶ್ ಮೊದಲ ಲೀಗ್‌ನಲ್ಲೇ ಸೋಲುತ್ತಾನೆ, ಅದೂ ತನ್ನದೇ ಚಾರಿಜಾರ್ಡ್ ಕಾದಾಡಲು ಒಪ್ಪದೆ ಮಲಗಿದ್ದರಿಂದ. ಅವನಿಗೆ ಮೊದಲ ಲೀಗ್ ಗೆಲುವು ಸಿಕ್ಕಿದ್ದು ಅಲೋಲಾದಲ್ಲಿ, 2019ರಲ್ಲಿ, ಅಂದ್ರೆ 22 ವರ್ಷದ ಮೇಲೆ. ಕಾರಣ ಸರಳ: ಆಟಕ್ಕೆ ಮುಕ್ತಾಯ ಬೇಕು, ವಾರದ ಧಾರಾವಾಹಿಗೆ ಮುಕ್ತಾಯ ಬಂದರೆ ಕಷ್ಟ. ಆದರೆ ಈ ವ್ಯಾಪಾರದ ಲೆಕ್ಕದಿಂದಲೇ, ಸೋತು ಮತ್ತೆ ಹೊರಡುವ ಹುಡುಗನೊಬ್ಬ ನಮಗೆ ಸಿಕ್ಕ.

ಕೇಡಿಗಳೂ ಬದಲಾದರು. ಆಟದ ಟೀಮ್ ರಾಕೆಟ್ ಅಂದ್ರೆ ಹೆಸರಿಲ್ಲದ ಆಳುಗಳ ಒಂದು ಅಪರಾಧಿ ಗುಂಪು. ಅದಕ್ಕೆ ಜೆಸ್ಸಿ, ಜೇಮ್ಸ್ ಮತ್ತು ಮಾತಾಡುವ ಬೆಕ್ಕು ಮಿಯಾವ್ತ್ ಎಂಬ ನಗೆಯ ತಂಡ ಸೇರಿಸಿದ್ದು ಅನಿಮೆ.

3. ತಾಳಮದ್ದಲೆಯ ಒಂದು ಹೋಲಿಕೆ

ಕಾಸರಗೋಡಿನ ಗೆಳೆಯರು ಇಲ್ಲಿದ್ದೀರಿ, ತಪ್ಪಿದರೆ ತಿದ್ದಿ. ತಾಳಮದ್ದಲೆಯಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು. ಅರ್ಥಧಾರಿ ಹೇಳುವ ಅರ್ಥ ಮಾತ್ರ ಆ ರಾತ್ರಿಯದು. ಪ್ರಸಂಗ ಒಂದೇ ಆದರೂ ಇಂದಿನ ಕರ್ಣ ನಾಳಿನ ಕರ್ಣನಲ್ಲ.

ಪೋಕೆಮಾನ್ ಆಟ ಪದ್ಯದ ಹಾಗೆ. ಊರುಗಳು, ದಾರಿ, ನಿಯಮ ನಿಗದಿಯಾಗಿವೆ. ಅರ್ಥ ಹೇಳುವವರು ಆಡುವ ಮಕ್ಕಳು. ಒಬ್ಬಳು ತನ್ನ ನಾಯಕನಿಗೆ ತಮ್ಮನ ಹೆಸರಿಡುತ್ತಾಳೆ, ಇನ್ನೊಬ್ಬ ದುರ್ಬಲ ಪ್ರಾಣಿಯನ್ನೇ ಕೊನೆತನಕ ಒಯ್ಯುತ್ತಾನೆ. ಅನಿಮೆ ಮಾಡಿದ್ದು, ಅಂಥ ಲಕ್ಷಾಂತರ ಅರ್ಥಗಳಲ್ಲಿ ಒಂದನ್ನು ಧ್ವನಿಮುದ್ರಿಸಿ ಎಲ್ಲರಿಗೂ ಕೇಳಿಸಿದ್ದು. ಇದರಲ್ಲಿ ನಷ್ಟ ಇದೆ, ಮುಚ್ಚಿಡುವುದು ಬೇಡ: ನನ್ನ ಅರ್ಥ ಹೇಳುವ ಅವಕಾಶ ಹೋಯಿತು. ನನ್ನ ಹಾಸ್ಟೆಲ್ ಗೆಳೆಯನ ಮಾತು ನಿಜವಾಗುವುದು ಇಲ್ಲಿ. ಆದರೆ ಯಂತ್ರ ಕೊಳ್ಳಲಾಗದ ಮಕ್ಕಳಿಗೆ ಕಥೆ ತಲುಪಿದ್ದೂ ಇದರಿಂದಲೇ.

4. ಒಂದೇ ಪ್ರಾಣಿಗೆ ಎರಡು ಚರಿತ್ರೆ

ಮಾಧ್ಯಮ ಬದಲಾದರೆ ಅಪಾಯವೂ ಬದಲಾಗುತ್ತದೆ. ಗೇಮ್ ಬಾಯ್ ಪರದೆ ಅಂಗೈಯಗಲ, ಬಣ್ಣವಿಲ್ಲದ್ದು. ಅನಿಮೆ ಬಣ್ಣದ್ದು, ಮನೆಯ ದೊಡ್ಡ ಟಿವಿಯದ್ದು. 1997ರ ಡಿಸೆಂಬರ್ 16ರ ಕಂತಿನಲ್ಲಿ ಪಿಕಾಚುವಿನ ಏಟಿಗೆ ಕ್ಷಿಪಣಿ ಸಿಡಿಯುವಾಗ ಕೆಂಪು ನೀಲಿ ಬೆಳಕು ಬಹಳ ವೇಗವಾಗಿ ಮಿನುಗಿತು. ಜಪಾನಿನಾದ್ಯಂತ 650ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಫಿಟ್ಸ್, ತಲೆಸುತ್ತಿನಿಂದ ಆಸ್ಪತ್ರೆಗೆ ಹೋಗಬೇಕಾಯಿತು. ಪ್ರಸಾರ ನಾಲ್ಕು ತಿಂಗಳು ನಿಂತು 1998ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಆ ಕಂತು ಪೋರಿಗಾನ್ ಎಂಬ ಪ್ರಾಣಿಯ ಬಗ್ಗೆ ಇತ್ತು. ಬೆಳಕು ಪಿಕಾಚುವಿನದು, ಶಿಕ್ಷೆ ಮಾತ್ರ ಪೋರಿಗಾನ್‌ಗೆ: ಅನಿಮೆಯ ಕಥೆಗಳಿಂದ ಅದು ಮರೆಯಾಯಿತು. ಆಟದಲ್ಲಿ ಅದೇ ಪೋರಿಗಾನ್ ನಾಣ್ಯ ಕೊಟ್ಟರೆ ಸಿಗುವ ಬಹುಮಾನವಾಗಿ ಆರಾಮಾಗಿ ಉಳಿಯಿತು.

5. ನಕಲು ಮೂಲವನ್ನು ತಿದ್ದಿದ ಬಗೆ

ಈಗ ಉಳಿದ ಅರ್ಧಕ್ಕೆ ಬರ್ತೀನಿ. ಮೊದಲ ಕಂತಿನ ಕೊನೆಯಲ್ಲಿ ಕಾಮನಬಿಲ್ಲಿನ ಕಡೆಗೆ ಒಂದು ಚಿನ್ನದ ಹಕ್ಕಿ ಹಾರುತ್ತದೆ. 1997ರ ಆ ದಿನ ಯಾವ ಆಟದಲ್ಲೂ ಆ ಹಕ್ಕಿ ಇರಲಿಲ್ಲ. ಅದು ಆಟಕ್ಕೆ ಬಂದದ್ದು 1999ರ ನವೆಂಬರ್‌ನ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ.

ಇದಕ್ಕಿಂತ ಗಟ್ಟಿ ಸಾಕ್ಷಿ 1998ರ ಸೆಪ್ಟೆಂಬರ್ 12ರಂದು ಜಪಾನಿನಲ್ಲಿ ಬಂದ ಪೋಕೆಮಾನ್ ಯೆಲ್ಲೊ. ಇದು ಅನಿಮೆ ನೋಡಿದವರಿಗಾಗಿ ಮತ್ತೆ ಬರೆದ ಹಳೆಯ ಆಟ. ಇಲ್ಲಿ ಮೂರರ ಆಯ್ಕೆ ಇಲ್ಲ, ಪಿಕಾಚುವೇ ಸಿಗುವುದು. ಅದು ಚೆಂಡಿನೊಳಗೆ ಹೋಗದೆ ನಾಯಕನ ಬೆನ್ನ ಹಿಂದೆ ನಡೆಯುತ್ತದೆ. ತಿರುಗಿ ಮಾತಾಡಿಸಿದರೆ ಅದರ ಮುಖದಲ್ಲಿ ಸಿಟ್ಟು, ಖುಷಿ ಕಾಣುತ್ತದೆ. ಅದರ ದನಿ ಅನಿಮೆಯ ಕಲಾವಿದೆ ಇಕುಎ ಓತಾನಿ ಅವರದು. ಜೆಸ್ಸಿ, ಜೇಮ್ಸ್ ಆಟದೊಳಗೆ ಬರುತ್ತಾರೆ. ಅನಿಮೆಯಲ್ಲಿ ಪಿಕಾಚು ಸಿಡಿಲುಕಲ್ಲು ಮುಟ್ಟಿ ರೂಪ ಬದಲಿಸಲು ಒಪ್ಪುವುದಿಲ್ಲ. ಈ ಆಟದಲ್ಲೂ ಕಲ್ಲು ಕೊಟ್ಟರೆ ಬೇಡ ಅನ್ನುತ್ತದೆ. ಹಳೆಯ ಆಟದಲ್ಲಿ ಆಡುವವರ ಮಾತು ಮೀರದಿದ್ದ ಪ್ರಾಣಿಗೆ ಬೇಡ ಅನ್ನುವ ಹಕ್ಕು ಸಿಕ್ಕಿದ್ದು ಅನಿಮೆಯಿಂದ.

ಆದರೆ ಆಟ ತನ್ನ ಕಾನೂನು ಬಿಡಲಿಲ್ಲ. ಯೆಲ್ಲೊದಲ್ಲೂ ಪಿಕಾಚುವಿನ ಕರೆಂಟು ಬ್ರಾಕ್‌ನ ಬಂಡೆಹಾವಿಗೆ ತಾಗುವುದಿಲ್ಲ, ನೀರು ಚಿಮ್ಮುವುದಿಲ್ಲ. ಬದಲಿಗೆ ಬಂಡೆಯ ಮೇಲೆ ಏಟು ನಡೆಸಬಲ್ಲ ಮ್ಯಾಂಕಿ ಎಂಬ ಕೋತಿಯನ್ನು ಶುರುವಿನ ದಾರಿಯಲ್ಲೇ ಸಿಗುವಂತೆ ಮಾಡಿದರು. ಕಥೆಯನ್ನು ಒಪ್ಪಿಕೊಂಡು ನಿಯಮವನ್ನು ಉಳಿಸಿಕೊಂಡ ರಾಜಿ ಇದು. ಹಾಗಾಗಿ ಯೆಲ್ಲೊವನ್ನು ನಾನು ಬರೀ ಆಟ ಅಂತ ನೋಡದೆ ಒಂದು ದಾಖಲೆ ಅಂತ ಓದ್ತೀನಿ. ರೂಪಾಂತರ ಮೂಲದ ಮೇಲೆ ಎಷ್ಟು ಬರೆಯಬಹುದು, ಮೂಲ ಎಲ್ಲಿ ಬಗ್ಗುವುದಿಲ್ಲ ಅನ್ನುವುದು ಅದರಲ್ಲಿ ಎದ್ದು ಕಾಣುತ್ತದೆ.

ಇನ್ನು ಕಡಲು ದಾಟಿದಾಗ ಸರತಿಯೇ ತಿರುಗಿತು. ಅಮೆರಿಕದಲ್ಲಿ 1998ರ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಅನಿಮೆ ಬಂತು, ಆಟಗಳು ಅಂಗಡಿಗೆ ಬಂದದ್ದು ಅದೇ ತಿಂಗಳ 28ಕ್ಕೆ. ಅಲ್ಲಿಯ ಎಷ್ಟೋ ಮಕ್ಕಳಿಗೆ ಟಿವಿಯ ಪಿಕಾಚುವೇ ಮೊದಲು, ಆಟವೇ ರೂಪಾಂತರ. ಆ ಇಂಗ್ಲಿಷ್ ರೂಪದಲ್ಲಿ ಜಪಾನಿನ ಅನ್ನದ ಉಂಡೆಯನ್ನು ಡೋನಟ್ ಅಂತ ಕರೆದದ್ದು ಇಂದಿಗೂ ತಮಾಷೆಯ ವಸ್ತು. ನನಗೆ ತಲುಪಿದ್ದು ಆ ಇಂಗ್ಲಿಷಿನ ಹೆಸರುಗಳನ್ನು ಹೊತ್ತ ಹಿಂದಿ.

6. ಒಂದು ಪ್ರಶ್ನೆ

ಮಾತಿನ ನಂತರ ಒಬ್ಬ ಗುರುಗಳು ಕೇಳಿದರು: ಹಾಗಾದರೆ ಮೂಲ ಅನ್ನುವುದೇ ಇಲ್ಲವೇ? ಅವರಿಗೆ ಕೊಟ್ಟ ಉತ್ತರವನ್ನು ಇಲ್ಲೂ ಸೇರಿಸಿದ್ದೇನೆ. ಮೂಲ ಇದೆ. 1996ರ ಫೆಬ್ರವರಿ ಅನ್ನುವ ತಾರೀಖನ್ನು ಯಾರೂ ಅಳಿಸಲಾರರು, ಇತಿಹಾಸದ ವಿದ್ಯಾರ್ಥಿ ಅದನ್ನು ಬಿಡಲೂ ಬಾರದು. ಆದರೆ ಯಾವುದು ಮೊದಲು ಹುಟ್ಟಿತು ಅನ್ನುವುದು ಒಂದು ಪ್ರಶ್ನೆ, ಯಾವುದು ಅಸಲಿ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ತಾರೀಖು ಉತ್ತರ ಕೊಡುತ್ತದೆ. ಎರಡನೆಯದಕ್ಕೆ, ಆಯಾ ಊರಿನಲ್ಲಿ ಯಾರ ಕೈಗೆ ಏನು ಯಾವ ಸರತಿಯಲ್ಲಿ ತಲುಪಿತು ಅಂತ ನೋಡಬೇಕು. ಅಕ್ಕಲಕೋಟ ತಾಲೂಕಿನ ಒಂದು ಮನೆಯಲ್ಲಿ ಅದು ಹಿಂದಿಯ ಪಿಕಾಚು. ನಾನೂ ತಂಗಿಯೂ ಅದರ ಬಗ್ಗೆ ಜಗಳಾಡಿದ್ದು ನಮ್ಮ ಕನ್ನಡದಲ್ಲಿ.

ಕಳೆದ ವರ್ಷ ನಾನು ಮೊದಲ ಸಲ ಯೆಲ್ಲೊ ಆಡಿದೆ. ಬ್ರಾಕ್‌ನ ಎದುರು ಪಿಕಾಚುವನ್ನೇ ಇಳಿಸಿ ಸೋತೆ. ನೀರು ಚಿಮ್ಮಲಿಲ್ಲ. ಹಾಸ್ಟೆಲ್ ಗೆಳೆಯನಿಗೆ ಫೋನ್ ಮಾಡಿ, "ನೀ ಹೇಳಿದ್ದು ಖರೇನೋ ಮಾರಾಯ, ಆದ್ರ ನಿನ್ನ ಆಟದಾಗೂ ನನ್ನ ಟಿವಿ ಪಿಕಾಚು ಹಿಂದಿಂದ ನಡಕೋಂತ ಬರ್ತದ" ಅಂದೆ. ಅವನು ನಕ್ಕು, ಮೊದಲು ಮ್ಯಾಂಕಿ ಹಿಡಿ ಹೋಗು ಅಂದ.