ಮಾರ್ಮನರು: ವಿಶ್ವಾಸ, ಗ್ರಂಥ, ಸಮುದಾಯ ಮತ್ತು ಪರೋಪಕಾರ

ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ನಾಮಫಲಕ. ಹೀಗೆ ಇಬ್ಬಿಬ್ಬರಾಗಿ ಸಂಚರಿಸುವ ಯುವಕರನ್ನು ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಕಂಡಿರಬಹುದು. ಬೆಂಗಳೂರಿನಲ್ಲಿಯೂ 1993ರಲ್ಲಿ ಇವರ ಮಿಷನ್ ಸ್ಥಾಪನೆಯಾಯಿತು. ಅಲ್ಲೊಂದು ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಲಾಯಿತು. ಇವರು ಯಾರು? ನಮ್ಮಂತೆಯೇ ಕ್ರೈಸ್ತರೇ? ಈ ಪ್ರಶ್ನೆಗೆ ಉತ್ತರಿಸುವಾಗ ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಕಾಗುತ್ತದೆ. ಇವರ ಬೋಧನೆ ಧರ್ಮಸಭೆಯ ಬೋಧನೆಯಲ್ಲ. ಆದರೆ ಇವರು ಮಾಡುವ ಒಳಿತು ಒಳಿತೇ.

ಹುಟ್ಟು ಮತ್ತು ವಲಸೆ

ಜೋಸೆಫ್ ಸ್ಮಿತ್ ಎಂಬವರು 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಈ ಸಭೆಯನ್ನು ಸ್ಥಾಪಿಸಿದರು. ಇದರ ಪೂರ್ಣ ಹೆಸರು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ‘ಮಾರ್ಮನ್’ ಎನ್ನದೆ ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು 2018ರಲ್ಲಿ ಸಭೆ ಕೇಳಿಕೊಂಡಿತು. ಇಲ್ಲಿ ಓದುಗರಿಗೆ ಪರಿಚಿತವಾದ ಹೆಸರನ್ನೇ ಬಳಸಿದ್ದೇವೆ.

1844ರಲ್ಲಿ ಇಲಿನಾಯ್ ರಾಜ್ಯದ ಕಾರ್ಥೇಜ್ ಸೆರೆಮನೆಯಲ್ಲಿ ಜನರ ಗುಂಪೊಂದು ಸ್ಮಿತ್‌ರನ್ನು ಕೊಂದಿತು. ಬಳಿಕ ಬ್ರಿಗಮ್ ಯಂಗ್‌ರ ಮುಂದಾಳುತನದಲ್ಲಿ ಅನುಯಾಯಿಗಳು ಪಶ್ಚಿಮಕ್ಕೆ ಹೊರಟು, 1847ರ ಜುಲೈಯಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿದರು. ಇಂದು ಪ್ರಪಂಚದಲ್ಲಿ 1.7 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆಂದು ಸಭೆಯ ಲೆಕ್ಕ ಹೇಳುತ್ತದೆ.

ಗ್ರಂಥಗಳು

ಇವರು ಬೈಬಲನ್ನು ಒಪ್ಪುತ್ತಾರೆ. ಅದರೊಂದಿಗೆ ‘ಬುಕ್ ಆಫ್ ಮಾರ್ಮನ್’, ‘ಡಾಕ್ಟ್ರಿನ್ ಆ್ಯಂಡ್ ಕವನೆಂಟ್ಸ್’ ಮತ್ತು ‘ಪರ್ಲ್ ಆಫ್ ಗ್ರೇಟ್ ಪ್ರೈಸ್’ ಎಂಬ ಮೂರು ಗ್ರಂಥಗಳನ್ನೂ ಪವಿತ್ರವೆಂದು ನಂಬುತ್ತಾರೆ. ಬಂಗಾರದ ಹಲಗೆಗಳ ಮೇಲಿದ್ದ ಬರಹವನ್ನು ದೇವರ ಸಹಾಯದಿಂದ ಅನುವಾದಿಸಿದೆನೆಂದು ಸ್ಮಿತ್ ಹೇಳಿದ ಗ್ರಂಥವೇ 1830ರಲ್ಲಿ ಅಚ್ಚಾದ ‘ಬುಕ್ ಆಫ್ ಮಾರ್ಮನ್’. ಜೆರುಸಲೇಮಿನಿಂದ ಅಮೆರಿಕಕ್ಕೆ ಬಂದ ಜನರ ಕಥೆಯನ್ನೂ ಪುನರುತ್ಥಾನರಾದ ಯೇಸು ಅವರಿಗೆ ದರ್ಶನವಿತ್ತುದನ್ನೂ ಅದು ಹೇಳುತ್ತದೆ. ದೇವರ ಸಾರ್ವಜನಿಕ ಪ್ರಕಟಣೆ ಕ್ರಿಸ್ತರಲ್ಲಿಯೇ ಪೂರ್ಣವಾಯಿತೆಂದು ನಂಬುವ ನಾವು ಇದನ್ನು ಒಪ್ಪಲಾರೆವು.

ವಿಶ್ವಾಸದ ಭೇದ

ಇದಕ್ಕಿಂತ ದೊಡ್ಡ ಭೇದವಿರುವುದು ದೇವರ ಕುರಿತಾದ ಬೋಧನೆಯಲ್ಲಿ. ಪಿತ, ಸುತ ಮತ್ತು ಪವಿತ್ರಾತ್ಮ ಉದ್ದೇಶದಲ್ಲಿ ಒಂದಾಗಿದ್ದರೂ ಮೂವರು ಬೇರೆ ಬೇರೆ ಎಂದು ಇವರ ಬೋಧನೆ. ಪಿತನಿಗೆ ಮಾಂಸ ಮತ್ತು ಮೂಳೆಗಳ ಶರೀರವಿದೆ ಎಂದೂ ನಂಬುತ್ತಾರೆ. ಸ್ನಾನದೀಕ್ಷೆಯ ಮಾತುಗಳು ನಮ್ಮವುಗಳಂತೆಯೇ ಕೇಳಿಸಿದರೂ ಅವುಗಳ ಅರ್ಥ ಬೇರೆ. ಈ ಕಾರಣಕ್ಕೆ ಇವರ ಸ್ನಾನದೀಕ್ಷೆ ಸಿಂಧುವಲ್ಲವೆಂದು ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಪೀಠ 2001ರ ಜೂನ್ 5ರಂದು ತೀರ್ಪಿತ್ತಿತು.

ಸಮುದಾಯದ ಕಟ್ಟು

ನಮ್ಮ ಧರ್ಮಕೇಂದ್ರಕ್ಕೆ ಹೋಲುವ ಘಟಕಕ್ಕೆ ಇವರು ‘ವಾರ್ಡ್’ ಎನ್ನುತ್ತಾರೆ. ಅದರ ಮುಖ್ಯಸ್ಥನಿಗೆ ‘ಬಿಷಪ್’ ಎಂಬ ಹೆಸರಿದ್ದರೂ ಆತ ಸಂಬಳವಿಲ್ಲದೆ ಕೆಲವು ವರ್ಷ ಸೇವೆ ಮಾಡುವ ಗೃಹಸ್ಥ. ಹಗಲಿಗೆ ಶಿಕ್ಷಕನೋ, ವ್ಯಾಪಾರಿಯೋ ಆಗಿರುತ್ತಾನೆ. ಪ್ರತಿಯೊಂದು ಕುಟುಂಬದ ಕಷ್ಟಸುಖ ವಿಚಾರಿಸಲು ವಾರ್ಡಿನ ಸದಸ್ಯರನ್ನೇ ನೇಮಿಸಲಾಗುತ್ತದೆ. 1842ರಲ್ಲಿ ಆರಂಭವಾದ ಸ್ತ್ರೀಯರ ‘ರಿಲೀಫ್ ಸೊಸೈಟಿ’ ಇಂದಿಗೂ ಬಡವರ ಹಾಗೂ ರೋಗಿಗಳ ಸೇವೆಯಲ್ಲಿದೆ. ಮದ್ಯ, ತಂಬಾಕು, ಚಹಾ, ಕಾಫಿ ಇವರಿಗೆ ನಿಷಿದ್ಧ. ಆದಾಯದ ಹತ್ತನೇ ಒಂದು ಪಾಲು ಸಭೆಗೆ ಸಲ್ಲಬೇಕು.

ಹಸಿವೆಯೇ ಕಾಣಿಕೆ

ತಿಂಗಳ ಮೊದಲ ಭಾನುವಾರ ಇವರು ಎರಡು ಹೊತ್ತಿನ ಊಟ ಬಿಡುತ್ತಾರೆ. ಆ ಊಟಗಳಿಗೆ ತಗಲುತ್ತಿದ್ದ ಹಣವನ್ನಾದರೂ ಬಡವರಿಗಾಗಿ ಕೊಡುತ್ತಾರೆ. ದಶಮಾಂಶ ಬೇರೆ, ಇದು ಬೇರೆ. ಕೆಲಸ ಕಳೆದುಕೊಂಡವನ ಮನೆ ಬಾಡಿಗೆ, ವಿಧವೆಯ ಮನೆಯ ಅಡುಗೆ ಸಾಮಾನು ಇಂಥವಕ್ಕೆ ಈ ಹಣ ಸಲ್ಲುತ್ತದೆ.

ಈ ಮನೋಭಾವ ಬೆಳೆದ ಬಗೆಗೆ ಒಂದು ಘಟನೆ ಸಾಕ್ಷಿ. 1856ರಲ್ಲಿ ಯುರೋಪಿನಿಂದ ಬಂದ ಬಡ ವಲಸಿಗರು ಕೈಗಾಡಿ ಎಳೆಯುತ್ತಾ ಸಾಲ್ಟ್ ಲೇಕಿಗೆ ನಡೆದುಬಂದರು. ತಡವಾಗಿ ಹೊರಟ ಎರಡು ತಂಡಗಳು ದಾರಿಯಲ್ಲಿ ಹಿಮಕ್ಕೆ ಸಿಕ್ಕಿದವು. ಹಿಮ ಬೀಳುವ ಮೊದಲೇ, ಅವರು ಇನ್ನೂ ದಾರಿಯಲ್ಲಿದ್ದಾರೆಂಬ ಸುದ್ದಿ ತಿಳಿದ ಬ್ರಿಗಮ್ ಯಂಗ್, ಅಕ್ಟೋಬರ್ 5ರ ಸಭೆಯಲ್ಲಿ ಪ್ರಸಂಗದ ವಿಷಯವನ್ನೇ ಬದಲಿಸಿ, ಬಂಡಿ, ಹಿಟ್ಟು, ಬಟ್ಟೆಗಳೊಂದಿಗೆ ಅವರನ್ನು ಕರೆತರಲು ಕೂಡಲೇ ಹೋಗುವಂತೆ ಜನರನ್ನು ಕೇಳಿದರು. ಎರಡು ದಿನಗಳಲ್ಲಿ ಮೊದಲ ಗುಂಪು ಹೊರಟಿತು. ಆದರೂ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೈಗಾಡಿಯ ಯೋಜನೆ ಮುಖಂಡರದೇ ಆಗಿತ್ತೆಂಬುದನ್ನೂ ಮರೆಯಬಾರದು.

2022ರಲ್ಲಿ ಅಗತ್ಯವುಳ್ಳವರಿಗಾಗಿ 100 ಕೋಟಿ ಡಾಲರಿಗೂ ಹೆಚ್ಚು ವೆಚ್ಚ ಮಾಡಿದ್ದಾಗಿ ಸಭೆ ವರದಿ ಮಾಡಿತು. ಈ ಸೇವೆಗಳಲ್ಲಿ ಕಥೋಲಿಕ ಸಂಸ್ಥೆಗಳೊಂದಿಗಿನ ಸಹಕಾರವೂ ಸೇರಿದೆ.

ಕುಂದುಗಳು

ಹೊಗಳಿಕೆ ಸತ್ಯವನ್ನು ಮುಚ್ಚಬಾರದು. 1857ರಲ್ಲಿ ಮೌಂಟನ್ ಮೆಡೋಸ್ ಎಂಬಲ್ಲಿ ಮಾರ್ಮನ್ ಪಡೆಯವರು ಸುಮಾರು 120 ಪ್ರಯಾಣಿಕರನ್ನು ಕೊಂದರು. ಬಹುಪತ್ನಿತ್ವವನ್ನು ಕೈಬಿಡುವ ಘೋಷಣೆ ಬಂದದ್ದು 1890ರಲ್ಲಿ. ಕಪ್ಪು ವರ್ಣದ ಪುರುಷರಿಗೆ ಯಾಜಕತ್ವ ದೊರೆತದ್ದು 1978ರಲ್ಲಿ. ಹೂಡಿಕೆಗಳ ವಿವರ ಮರೆಮಾಚಿದ್ದಕ್ಕಾಗಿ ಅಮೆರಿಕದ ಷೇರುಪೇಟೆ ನಿಯಂತ್ರಕರು 2023ರಲ್ಲಿ ಸಭೆಗೂ ಅದರ ಹೂಡಿಕೆ ಸಂಸ್ಥೆಗೂ ಒಟ್ಟು 50 ಲಕ್ಷ ಡಾಲರ್ ದಂಡ ವಿಧಿಸಿದರು.

ಧರ್ಮಕೇಂದ್ರಗಳ ಗಮನಕ್ಕೆ

ಮಾರ್ಮನ್ ಸಭೆಯಿಂದ ಕಥೋಲಿಕ ಧರ್ಮಸಭೆಗೆ ಬರುವವರು ಸ್ನಾನದೀಕ್ಷೆ ಪಡೆಯಬೇಕು. ಕಥೋಲಿಕರು ಮಾರ್ಮನರನ್ನು ವಿವಾಹವಾಗಬೇಕಾದರೆ, ಸ್ನಾನದೀಕ್ಷೆ ಪಡೆಯದವರೊಂದಿಗಿನ ವಿವಾಹಕ್ಕೆ ಬೇಕಾದ ವಿನಾಯಿತಿಯನ್ನೇ ಪಡೆಯಬೇಕು. ಇಂಥ ಸಂದರ್ಭದಲ್ಲಿ ಮೊದಲೇ ಧರ್ಮಗುರುಗಳನ್ನು ಕಾಣಿರಿ. ಮಾರ್ಮನರು ಮೃತರ ಪರವಾಗಿ ದೀಕ್ಷೆ ಪಡೆಯುವುದರಿಂದ, ದೀಕ್ಷಾ ದಾಖಲೆ ಪುಸ್ತಕಗಳನ್ನು ಅವರ ವಂಶಾವಳಿ ಸಂಸ್ಥೆಗೆ ಕೊಡಬಾರದೆಂದು 2008ರಲ್ಲಿ ವ್ಯಾಟಿಕನ್ ತಿಳಿಸಿತು. ಕಚೇರಿ ನೋಡಿಕೊಳ್ಳುವವರು ಇದನ್ನು ನೆನಪಿಡಬೇಕು.

ಆದರೆ ಬಾಗಿಲಿಗೆ ಬಂದವರನ್ನು ಅವಮಾನಿಸುವ ಹಕ್ಕು ನಮಗಿಲ್ಲ. 2019ರ ಮಾರ್ಚ್ 9ರಂದು ಅಂದಿನ ಜಗದ್ಗುರು ಫ್ರಾನ್ಸಿಸ್, ಈ ಸಭೆಯ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರನ್ನು ವ್ಯಾಟಿಕನ್ನಿನಲ್ಲಿ ಬರಮಾಡಿಕೊಂಡರು. ಇಂಥ ಭೇಟಿ ಅದೇ ಮೊದಲು. ಬೋಧನೆಯ ಭೇದ ಅಂದೂ ಇತ್ತು, ಇಂದೂ ಇದೆ.

ನಾವೂ ತಪಸ್ಸುಕಾಲದಲ್ಲಿ ಉಪವಾಸ ಮಾಡುತ್ತೇವೆ. ಬಿಟ್ಟ ಊಟದ ಬೆಲೆ ಯಾರ ಮನೆಯ ಗಂಜಿಯಾಯಿತು? ಮೂರು ಭಾನುವಾರ ಪೂಜೆಗೆ ಬಾರದವರ ಮನೆಗೆ ವಾಳೆಯಿಂದ ಯಾರು ಹೋದರು? ಈ ಪ್ರಶ್ನೆ ಅವರಿಗಲ್ಲ, ನಮಗೆ.