ಹಿಟ್ಟು ನೆನಪಿದೆ, ಬೆಟ್ಟ ಮರೆತೋಯ್ತು

ಯಾರಿಗಾದ್ರೂ ಶುಗರ್ ಬಂತು ಅಂದ್ರೆ ಎಲ್ಲರೂ ಹೇಳೋದು ಒಂದೇ, "ಅನ್ನ ಬಿಡಿ, ರಾಗಿ ಉಣ್ಣಿ." ನನಗೆ ಬಂದಾಗ ನಾನೂ ಹಾಗೇ ಮಾಡ್ದೆ. ಬೆಳಗ್ಗೆ ದೊಡ್ಡ ಲೋಟ ರಾಗಿ ಗಂಜಿ, ಮಧ್ಯಾಹ್ನ ಎರಡು ಮುದ್ದೆ. ಮೂರು ತಿಂಗಳಾದ ಮೇಲೆ ನೋಡಿದ್ರೆ ಶುಗರ್ ಇನ್ನೂ ಏರಿತ್ತು! ಹಂಗಾದ್ರೆ ಹಿರೀಕರು ರಾಗಿ ಉಂಡು ಗಟ್ಟಿಯಾಗಿದ್ರು ಅನ್ನೋದು ಸುಳ್ಳಾ?

ಸುಳ್ಳಲ್ಲ ಕಣ್ರೀ. ನಮಗೆ ಅರ್ಧ ಮಾತ್ರ ನೆನಪಿದೆ.

ಈಗ ನಮ್ಮ ಅಂಜನಾಪುರ ಬಿಡಿಎ ಲೇಔಟು, 2021ರಿಂದ ಮೆಟ್ರೋನೂ ಇದೆ. ಮುಂಚೆ ಈ ಕಡೆಯೆಲ್ಲ ಮಳೆ ನಂಬಿದ ರಾಗಿ ಹೊಲ. ಕೆರೆ ಕೆಳಗೆ ಒಂದಿಷ್ಟು ಭತ್ತ. ಅನ್ನ ಅಂದ್ರೆ ಹಬ್ಬಕ್ಕೆ, ನೆಂಟರು ಬಂದಾಗ. ರಾಗಿಯಾದ್ರೆ ಹಗೇವಿಗೆ ತುಂಬಿಟ್ರೆ ವರ್ಷಗಟ್ಟಲೆ ಕೆಡ್ತಿರಲಿಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲೂ ಭತ್ತದ ಎದುರು ರಾಗಿ ಗೆದ್ದಿದ್ದು ಈ ಬಾಳಿಕೆಯಿಂದಲೇ. 1932ರ ಹೊತ್ತಿಗೆ ಕನ್ನಂಬಾಡಿ ಕಟ್ಟೆ ಮುಗೀತು, ಮಂಡ್ಯದ ಕಡೆ ನಾಲೆ ನೀರಲ್ಲಿ ಭತ್ತ ಹೆಚ್ತು. ಆಮೇಲೆ ರೇಷನ್ ಅಕ್ಕಿ, 2013ರಲ್ಲಿ ಅನ್ನಭಾಗ್ಯ. ಬಡವರ ಹೊಟ್ಟೆ ತುಂಬ್ತು, ಅದೇನು ಸಣ್ಣ ಮಾತಲ್ಲ. ಆದ್ರೆ ಹಬ್ಬದ ಅನ್ನ ಮೂರು ಹೊತ್ತಿನ ಅನ್ನ ಆಯ್ತು.

ರಾಗಿಯೇನು ಔಷಧಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟು, ರಾಗಿಯಲ್ಲಿ 67. ಅಷ್ಟೇ ವ್ಯತ್ಯಾಸ. ನಾರು ಮಾತ್ರ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ರೊಳಗೆ. 1981ರಲ್ಲಿ ಟೊರೊಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತವರ ಜೊತೆಗಾರರು ಯಾವ ಆಹಾರ ಎಷ್ಟು ಬೇಗ ರಕ್ತದ ಸಕ್ಕರೆ ಏರಿಸ್ತದೆ ಅಂತ ಅಳೆದು ಗ್ಲೈಸೀಮಿಕ್ ಇಂಡೆಕ್ಸ್ ಅಂತ ಹೆಸರಿಟ್ರು. ಧಾನ್ಯ ಯಾವುದು ಅನ್ನೋದರ ಜೊತೆಗೆ ಎಷ್ಟು ನುಣ್ಣಗೆ ಬೀಸಿದೆ, ಎಷ್ಟು ಬೇಯಿಸಿದೆ, ಜೊತೆಗೇನಿದೆ ಅನ್ನೋದೂ ಲೆಕ್ಕಕ್ಕೆ ಬರ್ತದೆ. ನುಣ್ಣನೆ ಹಿಟ್ಟಿನ ನೀರು ಗಂಜಿ ಬೇಗ ಜೀರ್ಣ ಆಗಿ ಸಕ್ಕರೆ ಏರಿಸ್ತದೆ.

ನಮ್ಮಜ್ಜಿ ಮುದ್ದೆ ಉಣ್ತಿದ್ದದ್ದು ಸೊಪ್ಪಿನ ಬಸ್ಸಾರು, ಹುರುಳಿಕಾಳು, ಅವರೆಕಾಳಿನ ಜೊತೆ. ಆ ರಾಗೀನ ಬೀಸುಕಲ್ಲಲ್ಲಿ ಬೀಸಿದ್ದೂ ಅವಳೇ, ಹೊಲ ಕಳೆ ಕಿತ್ತಿದ್ದೂ ಅವಳೇ. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ" ಅಂತೀವಲ್ಲ, ನಾವು ಹಿಟ್ಟು ಉಳಿಸ್ಕೊಂಡು ಬೆಟ್ಟ ಬಿಟ್ವಿ.

ಇದನ್ನ ಬರೆಯೋಕೆ ಕಾರಣ ನಮ್ಮ ದೊಡ್ಡಮ್ಮ. ರಾಗಿ ಉಣ್ತೀನಲ್ಲ ಅಂತ ಮಾತ್ರೆ ಬಿಟ್ರು, ಕಾಲಿನ ಎರಡು ಬೆರಳು ಕಳ್ಕೊಂಡ್ರು.

ನಾನೀಗ ಗಂಜಿ ಬಿಟ್ಟಿದ್ದೀನಿ. ಒಂದೇ ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪು, ಕಾಳು, ಉಂಡ ಮೇಲೆ ಅರ್ಧ ಗಂಟೆ ನಡಿಗೆ. ಮಾತ್ರೆ ತಪ್ಪಿಸಲ್ಲ. ಊಟ ಆಗಿ ಎರಡು ಗಂಟೆಗೆ ಮನೆ ಮೀಟರಲ್ಲಿ ನೋಡ್ಕೋತೀನಿ, ಇಳಿದಿದೆ. ನೀವೂ ಒಂದ್ಸಲ ನೋಡ್ಕೊಳ್ಳಿ ಅಕ್ಕ.