ನಡುಸಮುದ್ರದ ತೈಲ ಬಾವಿಗಳಿಗೆ ಕಾನೂನೇ ಇಲ್ಲವೇ? ಸುರಕ್ಷತೆಯನ್ನು ಯಾರು ನೋಡಿಕೊಳ್ಳುತ್ತಾರೆ?

ಸಮುದ್ರದ ಮಧ್ಯೆ ಹೊತ್ತಿ ಉರಿಯುವ ತೈಲ ಪ್ಲಾಟ್‌ಫಾರ್ಮ್‌ನ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಥ ವಿಡಿಯೋಗಳ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ‘ನಡುಸಮುದ್ರದಲ್ಲಿ ಕಾನೂನೇ ಇಲ್ಲ, ಅಲ್ಲಿ ಕಂಪನಿಗಳದ್ದೇ ದರ್ಬಾರು’ ಎಂಬುದು ಒಂದು. ‘ಇದನ್ನೆಲ್ಲ ವಿಶ್ವಸಂಸ್ಥೆ ನೋಡಿಕೊಳ್ಳುತ್ತದೆ’ ಎಂಬುದು ಇನ್ನೊಂದು. ಎರಡೂ ತಪ್ಪು. ಹಾಗಾದರೆ ನಿಜ ಏನು? ನೋಡೋಣ.

ಅಲ್ಲಿ ಯಾರ ಕಾನೂನು ನಡೆಯುತ್ತದೆ?

1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ಕರಾವಳಿಯಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ. ವರೆಗಿನ ತೈಲ ಮತ್ತು ಅನಿಲದ ಹಕ್ಕು ಆಯಾ ದೇಶದ್ದು. ಅಲ್ಲಿ ನಿಲ್ಲಿಸುವ ಪ್ಲಾಟ್‌ಫಾರ್ಮ್‌ಗೂ ಅದೇ ದೇಶದ ಕಾನೂನು ಅನ್ವಯಿಸುತ್ತದೆ. ಸುರಕ್ಷತೆಯ ಮೇಲೆ ಕಣ್ಣಿಡಲು ಬ್ರಿಟನ್‌ನಲ್ಲಿ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್, ಆಸ್ಟ್ರೇಲಿಯಾದಲ್ಲಿ ನೊಪ್ಸೆಮಾ, ಅಮೆರಿಕದಲ್ಲಿ ಬಿಎಸ್‌ಇಇ, ಭಾರತದಲ್ಲಿ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ ಇವೆ. ಇಡೀ ಜಗತ್ತಿನ ಪ್ಲಾಟ್‌ಫಾರ್ಮ್‌ಗಳನ್ನು ತಪಾಸಣೆ ಮಾಡುವ ಒಂದೇ ಸಂಸ್ಥೆ ಎಂಬುದು ಇಲ್ಲ.

ಹಾಗಾದರೆ ದೇಶಗಳು ಒಟ್ಟು ಸೇರುವುದು ಏಕೆ?

ಕಂಪನಿಗಳು, ರಿಗ್‌ಗಳು, ಕೆಲಸಗಾರರು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತಾರೆ. ಆದರೆ ಅಪಘಾತದ ಪಾಠ ಅಷ್ಟು ಸುಲಭವಾಗಿ ಗಡಿ ದಾಟುವುದಿಲ್ಲ. 1980ರಲ್ಲಿ ನಾರ್ವೆಯ ಅಲೆಕ್ಸಾಂಡರ್ ಕೀಲ್ಯಾಂಡ್ ದುರಂತದಲ್ಲಿ 123 ಮಂದಿ, 1982ರಲ್ಲಿ ಕೆನಡಾದ ಓಷನ್ ರೇಂಜರ್ ಮುಳುಗಿ 84 ಮಂದಿ ಸತ್ತರು.

ಎಲ್ಲಕ್ಕಿಂತ ಭೀಕರವಾದದ್ದು ಬ್ರಿಟನ್‌ನ ಪೈಪರ್ ಆಲ್ಫಾ. 1988ರ ಜುಲೈ 6ರಂದು ರಿಪೇರಿಗೆಂದು ಒಂದು ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿಡಲಾಗಿತ್ತು. ಆ ವಿಷಯ ರಾತ್ರಿ ಪಾಳಿಯವರಿಗೆ ತಿಳಿಯಲಿಲ್ಲ. ಅವರು ಪಂಪ್ ಚಾಲೂ ಮಾಡಿದರು, ಅನಿಲ ಸೋರಿ ಸ್ಫೋಟವಾಯಿತು. 167 ಮಂದಿ ಪ್ರಾಣ ಕಳೆದುಕೊಂಡರು.

ತನಿಖೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ 106 ಶಿಫಾರಸುಗಳನ್ನು ನೀಡಿದರು. ಅದರಲ್ಲಿ ಎರಡು ಮುಖ್ಯ. ತನ್ನ ಪ್ಲಾಟ್‌ಫಾರ್ಮ್‌ನಲ್ಲಿ ಯಾವ ಯಾವ ಅಪಾಯಗಳಿವೆ, ಅವನ್ನು ಹೇಗೆ ತಡೆಯುತ್ತೇವೆ ಎಂದು ಕಂಪನಿಯೇ ಬರೆದು ತೋರಿಸಬೇಕು. ತೈಲ ಉತ್ಪಾದನೆಯನ್ನು ಬೆಳೆಸುವ ಇಲಾಖೆಯ ಕೈಯಲ್ಲಿ ಸುರಕ್ಷತೆಯ ಹೊಣೆ ಇರಬಾರದು.

ಐಆರ್‌ಎಫ್ ಎಂದರೇನು?

ಇಂಥ ಪಾಠಗಳನ್ನು ಹಂಚಿಕೊಳ್ಳಲು 1994ರಲ್ಲಿ ಹುಟ್ಟಿದ್ದು ಇಂಟರ್‌ನ್ಯಾಷನಲ್ ರೆಗ್ಯುಲೇಟರ್ಸ್ ಫೋರಮ್, ಚಿಕ್ಕದಾಗಿ ಐಆರ್‌ಎಫ್. ಬ್ರಿಟನ್, ನಾರ್ವೆ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಬ್ರೆಜಿಲ್ ಮುಂತಾದ ದೇಶಗಳ ಸುರಕ್ಷತಾ ನಿಯಂತ್ರಕರು ಇದರಲ್ಲಿದ್ದಾರೆ. ಎಲ್ಲಿ ಏನು ತಪ್ಪಾಯಿತು ಎಂದು ಅವರು ಪರಸ್ಪರ ಎಚ್ಚರಿಸುತ್ತಾರೆ. ಸಾವು, ಗಂಭೀರ ಗಾಯ, ಬೆಂಕಿ, ಅನಿಲ ಸೋರಿಕೆಗಳನ್ನು ಒಂದೇ ಅಳತೆಯಲ್ಲಿ ಲೆಕ್ಕ ಹಾಕಿ ಹೋಲಿಸುತ್ತಾರೆ.

ಆದರೆ ಯಾವ ಕಂಪನಿಗೂ ದಂಡ ಹಾಕುವ, ಯಾವ ಬಾವಿಯನ್ನೂ ಮುಚ್ಚಿಸುವ ಅಧಿಕಾರ ಐಆರ್‌ಎಫ್‌ಗೆ ಇಲ್ಲ. ಆ ಅಧಿಕಾರವೆಲ್ಲ ಆಯಾ ದೇಶದ್ದೇ.

ಪಾಠ ತಲುಪದಿದ್ದರೆ ಏನಾಗುತ್ತದೆ?

2009ರ ಡಿಸೆಂಬರ್ 23ರಂದು ಬ್ರಿಟನ್‌ನ ಸಮುದ್ರದಲ್ಲಿ ಟ್ರಾನ್ಸ್‌ಓಷನ್ ಕಂಪನಿಯ ಒಂದು ರಿಗ್‌ಗೆ ಬಾವಿಯಿಂದ ಅನಿಲ ನುಗ್ಗಿತು. ಬಾವಿ ಭದ್ರವಾಗಿದೆ ಎಂದು ಪರೀಕ್ಷೆ ಹೇಳಿದ್ದರಿಂದ ಸಿಬ್ಬಂದಿ ಮೈಮರೆತಿದ್ದರು. ಕೊನೆಗೆ ಬಾವಿಯನ್ನು ಮುಚ್ಚಿದ್ದರಿಂದ ದುರಂತ ತಪ್ಪಿತು. ಕಂಪನಿ ಈ ಬಗ್ಗೆ ಎಚ್ಚರಿಕೆಯನ್ನೂ ಸಿದ್ಧಪಡಿಸಿತು. ಆದರೆ ಅದೇ ಕಂಪನಿಯ ಡೀಪ್‌ವಾಟರ್ ಹೊರೈಜನ್ ರಿಗ್‌ನ ಸಿಬ್ಬಂದಿಗೆ ಅದು ತಲುಪಲೇ ಇಲ್ಲ ಎಂದು ಅಮೆರಿಕದ ತನಿಖಾ ಆಯೋಗ ಹೇಳಿದೆ.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಆ ರಿಗ್ ಸ್ಫೋಟಿಸಿತು. 11 ಮಂದಿ ಸತ್ತರು, 87 ದಿನ ತೈಲ ಸಮುದ್ರಕ್ಕೆ ಹರಿಯಿತು.

ಆಗ ಅಮೆರಿಕದಲ್ಲಿ ತೈಲದ ಆದಾಯ ವಸೂಲಿ ಮಾಡುವುದೂ ಸುರಕ್ಷತೆ ನೋಡುವುದೂ ಒಂದೇ ಸಂಸ್ಥೆ. ಇದು ಸರಿಯಲ್ಲ ಎಂದು ಬ್ರಿಟನ್ 20 ವರ್ಷ ಮೊದಲೇ ಕಂಡುಕೊಂಡಿತ್ತು. ಅಮೆರಿಕ ಆ ಕೆಲಸಗಳನ್ನು ಬೇರೆ ಬೇರೆ ಮಾಡಿದ್ದು ಈ ದುರಂತದ ನಂತರ.

ಭಾರತಕ್ಕೂ ಇದಕ್ಕೂ ಏನು ಸಂಬಂಧ?

2005ರ ಜುಲೈ 27ರಂದು ನಮ್ಮ ಬಾಂಬೆ ಹೈನಲ್ಲಿ, ಗಾಯಗೊಂಡ ಅಡುಗೆಯವರೊಬ್ಬರನ್ನು ಚಿಕಿತ್ಸೆಗೆ ಕರೆತಂದಿದ್ದ ಹಡಗು ಪ್ಲಾಟ್‌ಫಾರ್ಮ್‌ನ ಅನಿಲದ ಕೊಳವೆಗೆ ಬಡಿಯಿತು. ಸುಮಾರು ಎರಡೇ ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಸುಟ್ಟುಹೋಯಿತು. 362 ಮಂದಿಯನ್ನು ರಕ್ಷಿಸಲಾಯಿತು, 22 ಮಂದಿ ಉಳಿಯಲಿಲ್ಲ. ಸಮುದ್ರದಲ್ಲಿ ತೈಲ ತೆಗೆಯುವವರಿಗೆಂದೇ ಪ್ರತ್ಯೇಕ ಸುರಕ್ಷತಾ ನಿಯಮಗಳು ಬಂದದ್ದು 2008ರಲ್ಲಿ. ಹಡಗು ಬಡಿದರೆ ಏನಾಗುತ್ತದೆ ಎಂಬ ಬಾಂಬೆ ಹೈನ ಪಾಠ ಬೇರೆ ದೇಶಗಳಿಗೂ ಬೇಕು.

ಕೊನೆಯ ಮಾತು

ನಡುಸಮುದ್ರದಲ್ಲೂ ಕಾನೂನು ಇದೆ, ಅದನ್ನು ಜಾರಿ ಮಾಡುವ ಹೊಣೆ ಆಯಾ ದೇಶದ್ದು. ದೇಶಗಳ ನಡುವಿನ ಸಹಕಾರ ಎಂದರೆ ಮುಖ್ಯವಾಗಿ ಅಪಘಾತದ ಮಾಹಿತಿಯನ್ನು ಹಂಚಿಕೊಳ್ಳುವುದು. ಅದು ಸಮಯಕ್ಕೆ ತಲುಪಬೇಕು, ತಲುಪಿದವರು ಪಾಲಿಸಬೇಕು. ಮುಂದಿನ ಸಲ ಇಂಥ ವಿಡಿಯೋ ಬಂದರೆ ಮೂರು ಪ್ರಶ್ನೆ ಕೇಳಿ: ಇದು ಯಾವ ದೇಶದ ಸಮುದ್ರ? ಯಾವ ವರ್ಷದ್ದು? ತನಿಖೆ ಏನು ಹೇಳಿತು? ಉತ್ತರ ಸಿಕ್ಕ ಮೇಲೆ ಫಾರ್ವರ್ಡ್ ಮಾಡಿ.